ಬಿಚ್ಚಲು ಬಲ್ಲವಳು ಸುತ್ತಲು ಕಲಿತದ್ದು

ಬೋರ್ಡಿನ ಮೇಲೆ ‘ಬಾಲಕಿಯರ ಮನೆ’ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದೆ. ಅದನ್ನು ಬರೆಸಿದ ಪುಣ್ಯಾತ್ಮರ ಮನೆಗೂ ಹನ್ನೆರಡು ಅಡಿ ಗೋಡೆ, ಗೋಡೆಯ ಮೇಲೆ ಮುಳ್ಳುತಂತಿ ಇದೆಯೋ ಏನೋ, ನಾನು ಹೋಗಿ ನೋಡಿಲ್ಲ. ಇಲ್ಲಂತೂ ಇದೆ. ಗೇಟಿನಿಂದ ನನ್ನ ಶೆಡ್ಡಿನವರೆಗೆ ಐದು ಬಾಗಿಲು. ಪ್ರತಿ ಬಾಗಿಲ ಮುಂದೆ ನೆಲದ ಮೇಲೆ ಒಂದು ಹಳದಿ ಗೆರೆ. ತಪ್ಪು ಮಾಡಿ ಸಿಕ್ಕಿಬಿದ್ದು ಇಲ್ಲಿಗೆ ಬಂದ ಹುಡುಗಿಯರು ಆ ಗೆರೆಯ ಹಿಂದೆ ಕೈ ಬೆನ್ನಿಗೆ ಕಟ್ಟಿಕೊಂಡು ನಿಲ್ಲಬೇಕು. ಕಾವಲಿನವಳು ಬೀಗ ತೆಗೆದು ಹೆಸರು ಕರೆದ ಮೇಲೆ ದಾಟಬೇಕು. ಬಾಗಿಲಿಗೆ ಕೈ ತಾಗಿಸಿದರೆ ಒಂದು ವಾರ ಆಟ ಇಲ್ಲ. ಮೊದಮೊದಲು ನಾನು ಆ ಗೆರೆಯನ್ನು ಕಂಡು ಹಲ್ಲು ಕಡಿಯುತ್ತಿದ್ದೆ. ಆರು ತಿಂಗಳಾದ ಮೇಲೆ ನಾನೂ ಅದರ ಹಿಂದೆ ಪಾಪದವನ ಹಾಗೆ ನಿಲ್ಲತೊಡಗಿದೆ.

ನಾನು ಅಲ್ಲಿಗೆ ವಾರಕ್ಕೆ ಮೂರು ದಿನ ಮೋಟಾರ್ ವೈಂಡಿಂಗ್ ಕಲಿಸಲು ಹೋಗುತ್ತಿದ್ದವನು. ಫ್ಯಾನಿನದಾಗಲಿ ನೀರಿನ ಪಂಪಿನದಾಗಲಿ, ಮೋಟಾರಿನ ಹೊಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿಗಳಿರುತ್ತವೆ. ಮೋಟಾರ್ ಸುಟ್ಟಿತು ಅಂದರೆ ಆ ಸುರುಳಿ ಸುಟ್ಟಿತು ಅಂತ ಅರ್ಥ. ಕರಕಲಾದದ್ದನ್ನು ಕಿತ್ತುಹಾಕಿ, ಅಷ್ಟೇ ದಪ್ಪದ ಹೊಸ ತಂತಿಯನ್ನು ಅಷ್ಟೇ ಸುತ್ತು ಸುತ್ತಿ, ಸಂದುಗಳಲ್ಲಿ ಕೂರಿಸಿ, ವಾರ್ನಿಶ್ ಕುಡಿಸಿ ಒಣಗಿಸಬೇಕು. ಒಂದು ಸುತ್ತು ಹೆಚ್ಚಾದರೂ ತಪ್ಪು, ಕಡಿಮೆಯಾದರೂ ತಪ್ಪು. ನಲವತ್ತು ವರ್ಷ ಈ ಕೆಲಸ ಮಾಡಿ, ಕಣ್ಣು ಮಂಜಾದ ಮೇಲೆ ಅಂಗಡಿಯನ್ನು ಹೆಂಡತಿಯ ತಮ್ಮನಿಗೆ ಬಿಟ್ಟುಕೊಟ್ಟೆ. ಮನೆಯಲ್ಲಿ ಕೂತರೆ ನನ್ನ ಬಾಯಿ ಸುಮ್ಮನಿರುವುದಿಲ್ಲ ಅಂತ ಹೆಂಡತಿಯೇ ಎಲ್ಲಿಂದಲೋ ವಿಚಾರಿಸಿ ನನ್ನನ್ನು ಈ ಕೆಲಸಕ್ಕೆ ಹಚ್ಚಿದಳು.

ಅಳಿಲು ಅಲ್ಲಿಗೆ ಬಂದಾಗ ಅವಳಿಗೆ ಹದಿನೈದೂ ಮುಕ್ಕಾಲು ವರ್ಷ. ಆ ಹೆಸರು ಜೊತೆಯ ಹುಡುಗಿಯರು ಇಟ್ಟದ್ದು. ಬಂದ ಎರಡನೇ ದಿನವೇ ತಾರಸಿ ಸೇರಿದ್ದ ಚೆಂಡನ್ನು ನೀರಿನ ಪೈಪು ಹಿಡಿದು ಹತ್ತಿ ತಂದುಕೊಟ್ಟಿದ್ದಳು. ಚೆಂಡು ಬಂತು, ಅವಳಿಗೆ ಒಂದು ವಾರದ ಆಟ ಹೋಯಿತು.

ಅವಳು ಒಳಗೆ ಬಂದದ್ದೂ ಆ ಹತ್ತುವ ವಿದ್ಯೆಯಿಂದಲೇ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಅಕ್ಕ. ಅಕ್ಕ ಲಾಂಡ್ರಿಯೊಂದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಇಸ್ತ್ರಿ ಮಾಡುತ್ತ ನಿಂತಿದ್ದಾಗ, ದೂರದ ಸಂಬಂಧದ ಮಾವನೊಬ್ಬ ಈ ತೆಳ್ಳಗಿನ ಹುಡುಗಿಯ ಮೇಲೆ ಕಣ್ಣು ಹಾಕಿದ. ಮುಚ್ಚಿಹೋದ ಕಾರ್ಖಾನೆಗಳ ಗಾಳಿಕಿಂಡಿಯಲ್ಲಿ ನುಸುಳುವುದು, ಮೋಟಾರು ಬಿಚ್ಚಿ ತಾಮ್ರ ಕಿತ್ತು ಹೊರಗೆ ಎಸೆಯುವುದು ಇವಳ ಪಾಲಿನ ಕೆಲಸ. ಅದನ್ನು ಗುಜರಿಗೆ ಸಾಗಿಸುವುದು ಅವನ ಪಾಲಿನದು. ಒಂದು ದಿನ ಕಾವಲುಗಾರ ಅಡ್ಡ ಬಂದ. ಮಾವ ಅವನನ್ನು ಮೆಟ್ಟಿಲ ಮೇಲಿಂದ ತಳ್ಳಿ ಕಾಲಿಗೆ ಬುದ್ಧಿ ಹೇಳಿದ. ಬಿದ್ದವನ ಕಾಲು ಮುರಿದಿತ್ತು. ಇವಳು ಓಡಲಿಲ್ಲ. ಅವನ ತಲೆಯಡಿಗೆ ತನ್ನ ಸ್ವೆಟರ್ ಮಡಚಿಟ್ಟು, ಜನ ಬರುವ ತನಕ ಕೂಗುತ್ತ ಪಕ್ಕದಲ್ಲೇ ಕೂತಿದ್ದಳು. ಓಡಿದವನು ಇವತ್ತಿಗೂ ಸಿಕ್ಕಿಲ್ಲ, ಕೂತವಳು ಸಿಕ್ಕಳು. ನ್ಯಾಯಕ್ಕೆ ಕಣ್ಣಿಲ್ಲ ಅನ್ನುತ್ತಾರೆ, ಕಾಲೂ ಅಷ್ಟಕ್ಕಷ್ಟೇ ಅಂತ ನನಗನ್ನಿಸಿತು.

ಮೊದಲ ನಾಲ್ಕು ತಿಂಗಳು ಅವಳು ಯಾರನ್ನೂ ಏನನ್ನೂ ಕೇಳಿದವಳಲ್ಲ, ಒಂದನ್ನು ಬಿಟ್ಟು. ತಿಂಗಳಿಗೊಮ್ಮೆ ವಾರ್ಡನ್ ಮುಂದೆ ನಿಂತು, ಆ ಕಾವಲುಗಾರ ನಡೆಯುತ್ತಿದ್ದಾರಾ ಅಂತ ಕೇಳುತ್ತಿದ್ದಳು. ವಾರ್ಡನ್ ನಗು ಅನ್ನುವ ಪದಾರ್ಥವನ್ನು ಎಲ್ಲೋ ಬೀಗ ಹಾಕಿಟ್ಟಿದ್ದ ಹೆಂಗಸು. ಆದರೂ ಐದನೇ ತಿಂಗಳು ತಾನೇ ಫೋನ್ ಮಾಡಿ ವಿಚಾರಿಸಿ, ಕೋಲು ಹಿಡಿದು ನಡೆಯುತ್ತಿದ್ದಾನೆ, ಕೆಲಸಕ್ಕೂ ಹೋಗುತ್ತಿದ್ದಾನೆ ಅಂತ ಹೇಳಿದಳು. ಅವತ್ತು ಮಧ್ಯಾಹ್ನವೇ ಅಳಿಲು ನನ್ನ ಶೆಡ್ಡಿಗೆ ಹೆಸರು ಕೊಟ್ಟಳು.

ಮೊದಲ ಪಾಠಕ್ಕೆ ನಾನು ಒಂದೊಂದು ಸುಟ್ಟ ಮೋಟಾರು ಕೊಟ್ಟು ಬಿಚ್ಚಿ ಅನ್ನುತ್ತೇನೆ. ಉಳಿದವರಿಗೆ ಅರ್ಧ ದಿನ ಹಿಡಿಯುವ ಕೆಲಸ. ಇವಳು ಉಳಿಯನ್ನು ಓರೆಯಾಗಿ ಹಿಡಿದು ನಾಲ್ಕು ಏಟು ಹಾಕಿ, ಇಕ್ಕಳದಲ್ಲಿ ಎಳೆದು ಸುರುಳಿಯನ್ನು ಇಡೀ ಗೊಂಚಲಾಗಿ ನನ್ನ ಮೇಜಿನ ಮೇಲಿಟ್ಟಳು. ಇಪ್ಪತ್ತು ನಿಮಿಷ ಆಗಿರಬಹುದು. ಬಿಚ್ಚುವ ವಿಷಯದಲ್ಲಿ ನೀನೇ ನನಗೆ ಗುರು ತಾಯಿ, ಈಗ ಸುತ್ತು ನೋಡೋಣ ಅಂದೆ. ಅಲ್ಲಿಗೆ ಅವಳ ವಿದ್ಯೆ ಮುಗಿಯಿತು. ತಂತಿ ಒಮ್ಮೆ ಸಡಿಲ, ಒಮ್ಮೆ ತುಂಡು. ಮೂರು ತಿಂಗಳು ಬೆರಳು ಕೊಯ್ದುಕೊಂಡು, ತುಟಿ ಕಚ್ಚಿಕೊಂಡು ಕಲಿತಳು.

ಅಲ್ಲಿ ಇನ್ನೊಂದು ಪೀಡೆ ಇತ್ತು. ಬೆಳಿಗ್ಗೆ ಹನ್ನೊಂದಕ್ಕೆ ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು, ತಲೆ ಎಣಿಕೆ. ಅವರು ತಲೆ ಎಣಿಸಿ ಮುಗಿಸುವಷ್ಟರಲ್ಲಿ ನಮ್ಮ ಹುಡುಗಿಯರಿಗೆ ಸುತ್ತಿನ ಲೆಕ್ಕ ಮರೆತು, ಸುತ್ತಿದ್ದೆಲ್ಲ ನೀರಲ್ಲಿ ಹೋಮ. ಅಳಿಲು ಒಂದು ಉಪಾಯ ಕಂಡುಕೊಂಡಳು. ಗಂಟೆಯಾದ ತಕ್ಷಣ ಪೆನ್ನಿನಿಂದ ಮೊಣಕೈ ಒಳಮಗ್ಗುಲಲ್ಲಿ ಸಂಖ್ಯೆ ಬರೆದುಕೊಳ್ಳುವುದು. ಒಂದು ದಿನ ಕಾವಲಿನವಳು ಆ ಸಂಖ್ಯೆಗಳನ್ನು ನೋಡಿ, ಇದು ಹೊರಗಿನವರ ಫೋನ್ ನಂಬರ್, ಓಡಿಹೋಗುವ ಸಂಚು ಅಂತ ಗುಲ್ಲೆಬ್ಬಿಸಿದಳು. ವಾರ್ಡನ್ ನನ್ನನ್ನು ಕರೆಸಿದಳು. ಅದು ಪಂಪಿನ ಸುರುಳಿಯ ಲೆಕ್ಕ, ನಂಬಿಕೆ ಇಲ್ಲದಿದ್ದರೆ ನೀವೇ ಬಂದು ಎಣಿಸಿ ಅಂತ ನಾನು ರೇಗಿದೆ. ಆ ಹೆಂಗಸು ನಿಜವಾಗಿಯೂ ಬಂದು, ಕನ್ನಡಕ ಹಾಕಿಕೊಂಡು, ಸೂಜಿಯ ಮೊನೆಯಲ್ಲಿ ಎಳೆ ಎಳೆ ಬಿಡಿಸಿ ಎಣಿಸಿದಳು. ಎಂಬತ್ತಾರು. ಕೈ ಮೇಲೆಯೂ ಎಂಬತ್ತಾರು. ಮರುದಿನದಿಂದ, ಸುತ್ತುತ್ತಿರುವವರು ಆ ಸುರುಳಿ ಮುಗಿಸಿ ಎದ್ದರೆ ಸಾಕು ಅಂತ ಹೊಸ ನಿಯಮ ಬಂತು.

ಇಷ್ಟೆಲ್ಲ ಕಷ್ಟಪಟ್ಟು ಸುತ್ತಿದ್ದು ಏನಾಗುತ್ತಿತ್ತು ಅನ್ನುತ್ತೀರಿ? ಸಂಜೆ ನಾನು ತಿರುಗಿಸಿ ನೋಡಿ, ಸರಿಯಿದೆ ಅಂದು, ಅವರ ಕೈಯಲ್ಲೇ ಬಿಚ್ಚಿಸುತ್ತಿದ್ದೆ. ನಮಗೆ ಕೊಡುತ್ತಿದ್ದ ತಂತಿ ಅಷ್ಟೇ ಇತ್ತು, ನಾಳಿನ ಅಭ್ಯಾಸಕ್ಕೂ ಅದೇ ಬೇಕು. ಹೊರಗೆ ಹೋದರೆ ಏನು ಮಾಡುತ್ತೀಯ ಅಂತ ಒಮ್ಮೆ ಹುಡುಗಿಯರು ಮಾತಾಡಿಕೊಳ್ಳುತ್ತಿದ್ದರು. ಒಬ್ಬಳು ಬ್ಯೂಟಿ ಪಾರ್ಲರ್ ಅಂದಳು, ಒಬ್ಬಳು ಮದುವೆ ಅಂದಳು, ಒಬ್ಬಳು ಮೂರು ದಿನ ನಿದ್ದೆ ಅಂದಳು. ಅಳಿಲು ಮಾತ್ರ, ತಾನು ಸುತ್ತಿದ ಒಂದಾದರೂ ಮೋಟಾರು ಯಾರೂ ಬಿಚ್ಚದೆ ಎಲ್ಲಾದರೂ ತಿರುಗುತ್ತಿರಬೇಕು, ಅಷ್ಟು ಸಾಕು ಅಂದಳು. ಅವತ್ತು ಬಿಚ್ಚಿ ಅನ್ನುವ ಮಾತನ್ನು ಮುಂದಿನ ಪಾಠಕ್ಕೆ ಮುಂದೂಡಿದೆ.

ಹದಿನೆಂಟು ತುಂಬಲು ಎರಡು ತಿಂಗಳಿರುವಾಗ ಅವಳ ಕಡತ ಮೇಲೆದ್ದಿತು. ಎರಡೇ ದಾರಿ. ಹೊರಗೆ ಒಂದು ಅಂಗಡಿಯಲ್ಲಿ ಒಂದು ತಿಂಗಳು ತಪ್ಪದೆ ಕೆಲಸ ಮಾಡಿ, ಮಾಲೀಕ ಒಳ್ಳೆಯ ಮಾತು ಹೇಳಿದರೆ ಅಕ್ಕನ ಮನೆ. ಇಲ್ಲದಿದ್ದರೆ ದೂರದ ಇನ್ನೊಂದು ಕೇಂದ್ರ, ಇಪ್ಪತ್ತೊಂದು ತುಂಬುವ ತನಕ. ಮೂರು ವರ್ಷ. ಅಕ್ಕ ಎರಡು ವರ್ಷದಲ್ಲಿ ಒಂದೇ ಸಲ ಬಂದಿದ್ದಳು, ಅದೂ ಬೈಯುವುದಕ್ಕೆ. ಹೊಟ್ಟೆ ಕಟ್ಟಿ ಸಾಕಿದವಳ ಸಿಟ್ಟು ಅದು, ಸುಲಭಕ್ಕೆ ಆರುವುದಿಲ್ಲ. ಮನೆಗೆ ಕರೆದುಕೊಳ್ಳುವ ಕಾಗದಕ್ಕೆ ಸಹಿ ಹಾಕಿದಳು ನಿಜ, ಆದರೆ ಮೊದಲು ಆ ಒಂದು ತಿಂಗಳು ಮುಗಿಸಲಿ, ಆಮೇಲೆ ಮನೆಯ ಮಾತು ಅಂದಳಂತೆ.

ಕೆಲಸ ಕೊಡಲು ನನ್ನ ಭಾವಮೈದನನ್ನು ಕೇಳಿದೆ. ಅವನು ಒಳ್ಳೆಯವನು, ಆದರೆ ನಿಯಮದ ಹುಚ್ಚ. ಒಂಬತ್ತೂವರೆಯ ನಂತರ ಯಾರು ಒಳಗೆ ಬಂದರೂ, ಸಂಜೆಯವರೆಗೆ ದುಡಿದರೂ, ಹಾಜರಿ ಪುಸ್ತಕದಲ್ಲಿ ಆ ದಿನ ಗೈರು. ತನ್ನ ಸ್ವಂತ ಮಗನಿಗೇ ಗೈರು ಹಾಕಿದ ಗಿರಾಕಿ. ನಾನು ಎತ್ತಾಗಿ ಏರಿಗೆ ಎಳೆದರೆ ಅವನು ಕೋಣನಾಗಿ ನೀರಿಗೆ ಎಳೆಯುತ್ತಾನೆ, ಅವನು ಅಂಗಡಿಗೆ ಸೇರಿದ ಹತ್ತೊಂಬತ್ತು ವರ್ಷದಿಂದ ಹೀಗೇ. ಹುಡುಗಿ ಕೆಲಸ ಬಲ್ಲವಳಾದರೆ ಆಯಿತು, ಹಿಂದೆ ಕದ್ದು ಬಿಚ್ಚಿದ ಕಥೆ ನನಗೆ ಬೇಡ ಅಂದ.

ಮೊದಲ ದಿನ ಕೇಂದ್ರದ ಜೀಪು ಅವಳನ್ನು ಎಂಟೂಮುಕ್ಕಾಲಿಗೆ ಬೀದಿಯ ತಿರುವಿನಲ್ಲಿ ಇಳಿಸಿ ಹಿಂದಿರುಗಿತು. ಅಲ್ಲಿಂದ ಒಬ್ಬಳೇ ನಡೆದು ಹೋಗಬೇಕು, ಪರೀಕ್ಷೆ ಇರುವುದೇ ಅಲ್ಲಿ. ಹತ್ತು ಗಂಟೆಗೆ ನನ್ನ ಫೋನ್ ಬಡಿದುಕೊಂಡಿತು. ಭಾವಮೈದ.

“ಭಾವ, ನಿಮ್ಮ ಹುಡುಗಿ ಬಂದಿಲ್ಲ. ಗೈರು ಬರೆದಿದ್ದೀನಿ. ಕಚೇರಿಗೆ ಫೋನ್ ಮಾಡ್ಬೇಕು, ಅದು ನಿಯಮ. ಮೊದ್ಲು ನಿಮಗೆ ಹೇಳೋಣ ಅಂತ.”

ಅವನು ಕಚೇರಿಗೆ ಹೇಳಿದರೆ ಕಚೇರಿಯವರು ಪೊಲೀಸರಿಗೆ ಹೇಳುತ್ತಾರೆ, ಆಮೇಲೆ ಮೂರು ವರ್ಷ ಅಲ್ಲ, ಎಷ್ಟೋ. ಅರ್ಧ ಗಂಟೆ ತಡಿ ಅಂತ ಬೇಡಿಕೊಂಡು ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಅವಳನ್ನು ಬೈದೆ. ಓಡಿಹೋದಳು, ಆ ಮಾವ ಎಲ್ಲೋ ಕಾದಿದ್ದ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅಂತ ಏನೇನೋ ಅಂದುಕೊಂಡೆ. ಈಗ ನೆನೆದರೆ ನನಗೇ ನಾಚಿಕೆ.

ಅಳಿಲು ಅಂಗಡಿಯ ಮುಂದೆಯೇ ನಿಂತಿದ್ದಳು. ಮುಚ್ಚಿದ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ, ಕೈ ಬೆನ್ನಿಗೆ ಕಟ್ಟಿಕೊಂಡು, ನೆಟ್ಟಗೆ. ಪಕ್ಕದಲ್ಲಿ ಯಾರದೋ ಬೈಕು. ಯಾವನೋ ಗಿರಾಕಿ ಒಳಗೆ ಹೋಗುವಾಗ ನೋಡಿಕೊಳ್ಳಮ್ಮ ಅಂದಿದ್ದನಂತೆ, ಅದನ್ನೂ ಕಾಯುತ್ತಿದ್ದಳು.

“ಇಲ್ಲೇನು ಮಾಡ್ತಿದ್ದೀಯೇ?” ಅಂದೆ.

“ಕಾಯ್ತಿದ್ದೀನಿ ಮೇಷ್ಟ್ರೇ. ಇನ್ನೂ ಬಾಗ್ಲು ತೆಗೆದಿಲ್ಲ.”

ಬಾಗಿಲಿಗೆ ಬೀಗವಿಲ್ಲ, ಚಿಲಕವಿಲ್ಲ. ಧೂಳು ಬರಬಾರದೆಂದು ಸುಮ್ಮನೆ ಎಳೆದುಕೊಂಡದ್ದು, ಬೆರಳಲ್ಲಿ ತಳ್ಳಿದರೆ ತೆರೆಯುತ್ತದೆ. ಕಿಟಕಿಗೆ ಒಳಗಿನಿಂದ ಮೋಟಾರಿನ ಕಪಾಟು ಅಡ್ಡ, ಹಾಗಾಗಿ ಒಳಗಿದ್ದವರಿಗೆ ಇವಳು ಕಂಡಿಲ್ಲ.

“ಜನ ಒಳಗೆ ಹೋಗಿ ಬಂದ್ರಲ್ಲ, ನೋಡ್ಲಿಲ್ವಾ?”

“ನೋಡ್ದೆ. ಅವರನ್ನ ಕರೆದಿರ್ಬೇಕು. ನನ್ನ ಹೆಸರು ಯಾರೂ ಕರೀಲಿಲ್ಲ.”

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಒಂದೂವರೆ ವರ್ಷ ತಂತಿಯ ದಪ್ಪ ಕಲಿಸಿದೆ, ಗಂಟು ಹಾಕುವುದು ಕಲಿಸಿದೆ, ಈ ಹುಡುಗಿ ಎರಡು ವರ್ಷದಿಂದ ಒಂದು ಬಾಗಿಲನ್ನೂ ತಾನಾಗಿ ತೆಗೆದಿಲ್ಲ ಅನ್ನುವುದು ನನಗೆ ಹೊಳೆದಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತಳ್ಳು ಅಂದೆ. ಅವಳು ನನ್ನ ಮುಖ ನೋಡಿದಳು, ಬೀದಿಯ ಎರಡೂ ಕಡೆ ನೋಡಿದಳು, ಆಮೇಲೆ ಅಂಗೈ ಇಟ್ಟು ತಳ್ಳಿದಳು. ಬಾಗಿಲು ಗೋಡೆಗೆ ಹೋಗಿ ಬಡಿಯಿತು, ಅಷ್ಟು ಜೋರಾಗಿ ತಳ್ಳಿದ್ದಳು.

ಭಾವಮೈದನಿಗೆ ನಡೆದದ್ದನ್ನು ಹೇಳಿ, ಆ ಗೈರನ್ನು ಹೊಡೆದುಹಾಕು ಅಂದೆ. ಅವನ ಮುಖ ಸಣ್ಣದಾಯಿತು, ಅವನಿಗೂ ನೋವಾಯಿತು, ಕಂಡೆ. ಆದರೆ ಬರೆದದ್ದನ್ನು ನಾನು ಅಳಿಸುವವನಲ್ಲ ಅಂದ. ಪುಟ ಹರಿ, ಹೊಸ ಪುಸ್ತಕ ತೆಗೆ, ನಾನೇ ಬರೆದುಕೊಡುತ್ತೇನೆ ಅಂದೆ. ಒಂದು ಸುಳ್ಳಿನ ಪುಸ್ತಕ ಇಟ್ಟುಕೊಂಡು ನಾಳೆ ಇವಳು ಒಳ್ಳೆಯವಳು ಅಂತ ಹೇಳಿದರೆ ನನ್ನ ಮಾತನ್ನು ಯಾರು ನಂಬುತ್ತಾರೆ ಅಂತ ಕೇಳಿದ. ನಾನು ಬಾಯಿಗೆ ಬಂದದ್ದು ಅಂದೆ. ಅವತ್ತಿನಿಂದ ಇಬ್ಬರಿಗೂ ಮಾತು ಬಿಟ್ಟಿತು. ತಮ್ಮನ ಪರ ವಹಿಸಲೂ ಆಗದೆ ನನ್ನ ಪರ ವಹಿಸಲೂ ಆಗದೆ ಹೆಂಡತಿ ಇಬ್ಬರನ್ನೂ ಸೇರಿಸಿ ಬೈದಳು.

ಆದರೆ ಒಂದು ಮಾಡಿದ ಅವನು. ಎರಡನೇ ದಿನ ಬೆಳಿಗ್ಗೆ ಬಾಗಿಲನ್ನು ಪೂರ್ತಿ ತೆರೆದು, ಹಾರೆಯೊಂದನ್ನು ಒತ್ತಿಟ್ಟು, ಧೂಳು ಬಂದರೆ ಬರಲಿ ಅಂತ ಕೂತ. ಅಳಿಲು ಬಂದಳು, ಹಾರೆ ತೆಗೆದು ಮೂಲೆಗಿಟ್ಟಳು, ಬಾಗಿಲು ಮುಚ್ಚಿದಳು. ಹಸಿ ವಾರ್ನಿಶ್ ಮೇಲೆ ಧೂಳು ಕೂತರೆ ಕೆಲಸ ಕೆಡುತ್ತದೆ ಅಂತ ನನ್ನ ಮೇಷ್ಟ್ರು ಹೇಳಿದ್ದಾರೆ ಅಂದಳಂತೆ. ಅವನಿಗೆ ಅವಳ ಮೇಲೆ ಮರ್ಯಾದೆ ಹುಟ್ಟಿದ್ದು ಆಗ ಅಂತ ನನ್ನ ಲೆಕ್ಕ.

ಉಳಿದ ಸುದ್ದಿ ನನಗೆ ಹೆಂಡತಿಯ ಮೂಲಕ ಬರುತ್ತಿತ್ತು. ತಿಂಗಳ ಕೊನೆಯ ವಾರ ಹಿಟ್ಟಿನ ಗಿರಣಿಯ ಯಜಮಾನ ಒಂದು ಮೋಟಾರು ತಂದ. ಬೇರೆ ಕಡೆ ಎರಡು ಸಲ ಸುತ್ತಿಸಿದ್ದ, ಎರಡು ಸಲವೂ ತಿಂಗಳೊಳಗೆ ಸುಟ್ಟಿತ್ತು. ಭಾವಮೈದ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಾಗ ಅಳಿಲು ಒಂದು ಸಲ ಎತ್ತಿ ಕೆಳಗಿಟ್ಟು, ಇದು ತಾಮ್ರ ಅಲ್ಲ, ತೂಕ ಸಾಲದು ಅಂದಳು. ಬ್ಲೇಡಿನಿಂದ ತಂತಿ ಕೆರೆದು ತೋರಿಸಿದಳು. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳನೆಯ ಅಲ್ಯೂಮಿನಿಯಂ. ಇಷ್ಟು ಸಣ್ಣ ವಯಸ್ಸಿಗೆ ಎತ್ತಿದ ಮಾತ್ರಕ್ಕೆ ಹೇಗೆ ಗೊತ್ತಾಯಿತು ಅಂತ ಯಜಮಾನ ಬೆರಗಾದ. ಕಳ್ಳತನ ಮಾಡುವಾಗ ತುಂಬಾ ಎತ್ತಿದ್ದೆ, ಅಲ್ಯೂಮಿನಿಯಂ ಸಿಕ್ಕರೆ ಮಾವ ಬೈಯುತ್ತಿದ್ದ ಅಂದಳು. ಯಜಮಾನ ಕೆರೆದ ತಂತಿಯನ್ನು ಮತ್ತೊಮ್ಮೆ ನೋಡಿ, ಹಾಗಾದರೆ ಇವಳೇ ಸುತ್ತಲಿ, ಮೋಸ ಹೇಗೆ ಮಾಡುತ್ತಾರೆಂದು ಬಲ್ಲವಳು ಮೋಸ ಮಾಡಲಿಕ್ಕಿಲ್ಲ ಅಂದನಂತೆ. ನನಗೆ ಆ ತರ್ಕ ಪೂರ್ತಿ ಅರ್ಥವಾಗಿಲ್ಲ, ಆದರೂ ಅವನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಅವಳನ್ನು ಮನೆಗೆ ಬಿಡಬೇಕೋ ಬೇಡವೋ ಅಂತ ತೀರ್ಮಾನಿಸುವ ಸಮಿತಿ ಕೂರುವ ದಿನ ಬಂತು. ನಿಜ ಹೇಳಬೇಕು, ನಾನು ಒಂದು ಕೆಟ್ಟ ಕೆಲಸ ಮಾಡಿದೆ. ಹಿಂದಿನ ದಿನ ಅಳಿಲನ್ನು ಕೂರಿಸಿಕೊಂಡು, ಮೊದಲ ದಿನದ ಗೈರಿನ ಬಗ್ಗೆ ಕೇಳಿದರೆ ಹೊಟ್ಟೆನೋವು ಬಂದು ದಾರಿಯಲ್ಲಿ ಕೂತಿದ್ದೆ ಅನ್ನು ಅಂತ ಹೇಳಿಕೊಟ್ಟೆ. ನನಗೆ ನನ್ನದೇ ಭಯ. ಹೋದ ವರ್ಷ ಒಬ್ಬ ಹುಡುಗಿ ಒಬ್ಬಳೇ ರಸ್ತೆ ದಾಟಲಾರದೆ ಅತ್ತಳು ಅಂತ ಇದೇ ಸಮಿತಿ, ಹೊರಗಿನ ಬದುಕಿಗೆ ಸಿದ್ಧಳಾಗಿಲ್ಲ ಅಂತ ಬರೆದು ದೂರದ ಕೇಂದ್ರಕ್ಕೆ ಕಳಿಸಿತ್ತು. ಬೀಗವಿಲ್ಲದ ಬಾಗಿಲ ಮುಂದೆ ಹತ್ತಿರ ಹತ್ತಿರ ಎರಡು ಗಂಟೆ ಹೊತ್ತು ನಿಂತವಳನ್ನು ಬಿಡುತ್ತಾರೆಯೇ? ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವುದು ಬೇಡ ಅಂತ ನಾನು ಸುಳ್ಳನ್ನು ಪಾಠ ಮಾಡಿದೆ. ಅವಳು ತಲೆಯಾಡಿಸಿದಳು.

ಉದ್ದನೆಯ ಕೋಣೆ. ಮೇಜಿನ ಆ ಕಡೆ ಮೂವರು, ನಡುವೆ ಅಧ್ಯಕ್ಷೆ, ನರೆಗೂದಲಿನ ಹೆಂಗಸು. ಈ ಕಡೆ ವಾರ್ಡನ್ ಮತ್ತು ನಾವು. ಅಕ್ಕ ಲಾಂಡ್ರಿಯಿಂದ ನೇರ ಬಂದಿದ್ದಳು, ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆಯ ಹಳೆಯ ಸುಟ್ಟ ಗುರುತುಗಳು. ಕೂತವಳು ತಂಗಿಯ ಕಡೆ ತಿರುಗಿಯೂ ನೋಡಲಿಲ್ಲ. ಭಾವಮೈದ ಹಾಜರಿ ಪುಸ್ತಕ ಮುಂದಿಟ್ಟ. ಅಧ್ಯಕ್ಷೆ ಮೊದಲ ಸಾಲಿನಲ್ಲೇ ಬೆರಳಿಟ್ಟರು. ಉಳಿದದ್ದೆಲ್ಲ ಹಾಜರಿ, ಮೊದಲ ದಿನವೇ ಯಾಕೆ ಗೈರು ಅಂತ ಕೇಳಿದರು. ಅಳಿಲು ಎದ್ದು ನಿಂತಳು.

“ಬಂದಿದ್ದೆ ಮೇಡಂ. ಬಾಗ್ಲು ಮುಚ್ಚಿತ್ತು, ಹೊರಗೆ ನಿಂತಿದ್ದೆ. ಬಾಗ್ಲು ತೆಗೆಯೋದು ಮರೆತುಹೋಗಿತ್ತು. ಮೇಷ್ಟ್ರು ಒಂದ್ಸಲ ಹೇಳ್ಕೊಟ್ರು, ಬಂತು.”

ನಾನು ಹೇಳಿಕೊಟ್ಟ ಹೊಟ್ಟೆನೋವು ಗಾಳಿಗೆ ಹೋಯಿತು. ಅಧ್ಯಕ್ಷೆ ಪೆನ್ನು ಕೆಳಗಿಟ್ಟರು.

“ಇನ್ನೂ ಏನೇನು ಮರೆತಿದ್ದೀಯ?”

ಅಳಿಲು ಬೆರಳು ಮಡಚಿ ಎಣಿಸಲು ಹೊರಟು, ನಿಲ್ಲಿಸಿದಳು.

“ಗೊತ್ತಿಲ್ಲ ಮೇಡಂ. ಹೊರಗೆ ಹೋದ್ರೆ ತಾನೇ ಗೊತ್ತಾಗೋದು.”

ವಾರ್ಡನ್ ಗಂಟಲು ಸರಿಪಡಿಸಿಕೊಂಡು, ಬಾಗಿಲ ಮುಂದೆ ಆ ಗೆರೆ ಎಳೆಸಿದ್ದು ತಾನು, ಹುಡುಗಿ ತಾನು ಕಲಿಸಿದ್ದನ್ನು ಚೆನ್ನಾಗಿ ಕಲಿತಿದ್ದಾಳೆ, ತಪ್ಪಿದ್ದರೆ ತನ್ನ ಹೆಸರಿಗೆ ಬರೆದುಕೊಳ್ಳಿ ಅಂದಳು. ನಾನು ಆ ಹೆಂಗಸಿನ ಬಗ್ಗೆ ಅದುವರೆಗೆ ಆಡಿದ ಮಾತುಗಳನ್ನೆಲ್ಲ ಅಲ್ಲೇ ನುಂಗಿಕೊಂಡೆ. ಅಧ್ಯಕ್ಷೆ ಭಾವಮೈದನ ಕಡೆ ತಿರುಗಿ, ನಿಮ್ಮ ಪ್ರಕಾರ ಆ ದಿನ ಹಾಜರೋ ಗೈರೋ ಅಂತ ಕೇಳಿದರು.

“ಅಂಗಡಿ ನಿಯಮದ ಪ್ರಕಾರ ಗೈರು,” ಅಂದ ಅವನು. ನಾನು ಕಣ್ಣು ಮುಚ್ಚಿಕೊಂಡೆ. “ಆದ್ರೆ ಅವಳು ಎಂಟೂಮುಕ್ಕಾಲಿಗೇ ಬಂದಿದ್ಲು. ಎದ್ದು ಹೋಗಿ ಹೊರಗೆ ನೋಡದೆ ಕೂತಲ್ಲೇ ಬರೆದದ್ದು ನನ್ನ ತಪ್ಪು. ಆ ತಪ್ಪನ್ನೂ ಅಳಿಸೋದಿಲ್ಲ, ಅಲ್ಲೇ ಇರ್ಲಿ. ಹುಡುಗಿ ನನಗೆ ಬೇಕು.”

ಹೆಚ್ಚಿಗೆ ಮಾತಿನವನಲ್ಲ ಅವನು. ಅಷ್ಟು ಹೇಳಿ ಕೂತ. ಅಧ್ಯಕ್ಷೆ ಪಕ್ಕದವರ ಜೊತೆ ಪಿಸುಗುಟ್ಟಿ, ಬರೆದು, ಓದಿದರು. ಇವತ್ತಿನಿಂದಲೇ ಅಕ್ಕನ ಮನೆ, ವರ್ಷದವರೆಗೆ ತಿಂಗಳಿಗೊಮ್ಮೆ ಬಂದು ಸಹಿ ಹಾಕಬೇಕು, ಕೆಲಸ ಮುಂದುವರಿಸಬೇಕು. ನನಗೆ ಅಳು ಬಂತು. ಅರವತ್ನಾಲ್ಕು ವರ್ಷದ ಗಂಡಸು ಸಮಿತಿಯ ಮುಂದೆ ಅತ್ತ ಅಂತ ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ.

ಹೊರಗೆ ಜಗುಲಿಗೆ ಬಂದೆವು. ಮೂರು ಗಂಟೆ ಆಗಿತ್ತು. ಸುಳ್ಳು ಹೇಳಿಕೊಟ್ಟದ್ದಕ್ಕೆ ಕ್ಷಮೆ ಕೇಳೋಣ ಅಂತ ನಾನು ಬಾಯಿ ತೆರೆದೆ. ನೀವು ಹೇಳಿಕೊಟ್ಟದ್ದರಲ್ಲಿ ಅದೊಂದೇ ನನಗೆ ಬರಲಿಲ್ಲ ಮೇಷ್ಟ್ರೇ ಅಂದಳು. ಭಾವಮೈದ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕ. ಒಂದು ತಿಂಗಳ ನಂತರ ನಾನೂ ಅವನ ಬೆನ್ನಿಗೆ ಒಂದು ಗುದ್ದಿದೆ, ರಾಜಿಯಾಯಿತು.

ಅಕ್ಕ ಮೂರು ಮಾರು ದೂರದಲ್ಲಿ ಚೀಲ ಹಿಡಿದು ನಿಂತಿದ್ದಳು. ಎರಡು ವರ್ಷದ ಸಿಟ್ಟಿಗೆ ಎಲ್ಲಿಂದ ಶುರು ಮಾಡಬೇಕೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಕೊನೆಗೆ ನೆಲ ನೋಡುತ್ತ ನಡಿ, ಮನೆಗೆ ಹೋಗೋಣ ಅಂದಳು.

ಅಳಿಲು ಗಡಿಯಾರ ನೋಡಿದಳು.

“ನೀನು ಹೋಗಿರಕ್ಕ. ಗಿರಣಿ ಮೋಟಾರು ಅರ್ಧ ಸುತ್ತಿ ಬಿಟ್ಟು ಬಂದಿದ್ದೀನಿ. ಮುಗಿಸಿ ಬರ್ತೀನಿ.”

ಇವತ್ತೊಂದು ದಿನ ಬಿಡು, ನಾನು ಮುಗಿಸುತ್ತೇನೆ ಅಂತ ಭಾವಮೈದ ಅಂದ. ಒಬ್ಬರ ಕೈಯ ಬಿಗಿ ಇನ್ನೊಬ್ಬರಿಗೆ ಬರುವುದಿಲ್ಲ, ನಾನು ಶುರು ಮಾಡಿದ್ದನ್ನು ನಾನೇ ಮುಗಿಸಬೇಕು ಅಂತ ಅವಳು ಒಪ್ಪಲಿಲ್ಲ. ಅದು ಅವಳೊಬ್ಬಳೇ ಸುತ್ತುತ್ತಿದ್ದ ಮೊದಲ ಮೋಟಾರು, ಸಂಜೆಗೆ ಯಾರೂ ಬಿಚ್ಚಿಸದೆ ಇರುವಂಥದ್ದು. ನನಗೆ ಗೊತ್ತಿತ್ತು, ಅಕ್ಕನಿಗೆ ಗೊತ್ತಿರಲಿಲ್ಲ. ಅವಳು ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಈ ಹುಡುಗಿ ಹೊರಗೆ ಹೋದರೆ ಯಾವಾಗ ಬರುತ್ತಾಳೋ, ಬರುತ್ತಾಳೋ ಇಲ್ಲವೋ ಅಂತ ಎಷ್ಟು ಸಂಜೆ ಬಾಗಿಲಲ್ಲಿ ಕಾದಿದ್ದಳೋ. ಬೇಡ ಅನ್ನುತ್ತಾಳೆ ಅಂತ ನಾನು ಎಣಿಸಿದ್ದೆ.

ಅಕ್ಕ ಹತ್ತಿರ ಬಂದು, ಅವಳ ಅಂಗಿಯ ಕಾಲರನ್ನು ಎರಡು ಬೆರಳಿನಿಂದ ಎಳೆದು ಸುಕ್ಕು ಸರಿಮಾಡಿದಳು.

“ಆರು ಗಂಟೆಗಿಂತ ತಡ ಮಾಡ್ಬೇಡ,” ಅಂದಳು. “ಊಟ ಆರಿಹೋಗುತ್ತೆ.”